ಮಡಿಕೇರಿಯಿಂದ ಬೆಂಗಳೂರಿಗೆ, ಮಂಗಳೂರಿಗೆ: ರಾ.ಹೆ. 275ರಲ್ಲಿ ಟೋಲ್ ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ

"ಮಡಿಕೇರಿಯಿಂದ ಬೆಂಗಳೂರಿಗೆ ಕಾರಲ್ಲಿ ಹೋದರೆ ಟೋಲ್ ಎಷ್ಟಾಗುತ್ತೆ?" ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. "ವರ್ಷದ ಪಾಸ್ ಮಾಡಿಸಿದರೆ ನಮಗೆ ಗಿಟ್ಟುತ್ತಾ?" ಮತ್ತೆ, "ಕುಶಾಲನಗರದ ಹೊಸ ರಸ್ತೆ ಆದ ಮೇಲೆ ಕೊಡಗಿನೊಳಗೂ ಗೇಟು ಹಾಕ್ತಾರಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಮಡಿಕೇರಿಯಿಂದ ಹೊರಟು ಬೆಂಗಳೂರು ಮುಟ್ಟುವವರೆಗೆ ಹಂತ ಹಂತವಾಗಿ ಹೋಗೋಣ. ಕೊನೆಯಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವವರಿಗೂ ಒಂದಿಷ್ಟು ಇದೆ.

ಮೊದಲೇ ಒಂದು ಮಾತು ತಲೆಯಲ್ಲಿರಲಿ. ರಾಷ್ಟ್ರೀಯ ಹೆದ್ದಾರಿ 275 ಅನ್ನುವುದು ಒಂದೇ ನಂಬರು, ಆದರೆ ಒಂದೇ ರಸ್ತೆಯಲ್ಲ. ಬಂಟ್ವಾಳ ತಾಲೂಕಿನಲ್ಲಿ ಶುರುವಾಗಿ ಪುತ್ತೂರು, ಸುಳ್ಯ, ಮಡಿಕೇರಿ, ಕುಶಾಲನಗರ, ಹುಣಸೂರು, ಮೈಸೂರು, ಮಂಡ್ಯದ ಮೇಲೆ ಬೆಂಗಳೂರಿಗೆ ಹೋಗುವ ಈ ದಾರಿಯಲ್ಲಿ ಘಾಟಿ ಇದೆ, ಮಾಮೂಲಿ ಎರಡು ಸಾಲಿನ ರಸ್ತೆ ಇದೆ, ಹತ್ತು ಸಾಲಿನ ಎಕ್ಸ್‌ಪ್ರೆಸ್‌ವೇಯೂ ಇದೆ. ಟೋಲ್ ಇರುವುದು ಆ ಕೊನೆಯದಕ್ಕೆ ಮಾತ್ರ. ಮಡಿಕೇರಿಯಿಂದ ಮೈಸೂರಿನವರೆಗಿನ ಸುಮಾರು 120 ಕಿಲೋಮೀಟರ್ ಹಳೆ ರಸ್ತೆಯಲ್ಲಿ ನೀವು ಒಂದು ರೂಪಾಯಿ ಟೋಲ್ ಕೊಡಬೇಕಾಗಿಲ್ಲ.

ಈ ರಸ್ತೆ ಬಂದ ದಾರಿ

ಚರಿತ್ರೆ ಬೇಡ, ದಾರಿ ಹೇಳಿ ಸಾಕು ಅನ್ನುವವರು ನೇರ ಹಂತ 1ಕ್ಕೆ ಹೋಗಬಹುದು. ಆದರೆ "ಇಲ್ಲಿ ಯಾಕೆ ಟೋಲ್, ಅಲ್ಲಿ ಯಾಕಿಲ್ಲ" ಅನ್ನುವುದಕ್ಕೆ ಉತ್ತರ ಈ ಹಳೇ ಕತೆಯಲ್ಲೇ ಇದೆ.

ಕೊಡಗಿನಿಂದ ಕರಾವಳಿಗೆ ಇಳಿಯುವ ದಾರಿ ಹೆದ್ದಾರಿಗಿಂತ ಬಹಳ ಹಳೆಯದು. ಮೇಲಿನಿಂದ ಎತ್ತಿನ ಬೆನ್ನ ಮೇಲೆ ಅಕ್ಕಿ ಇಳಿಯುತ್ತಿತ್ತು, ಕೆಳಗಿನಿಂದ ಉಪ್ಪು ಹತ್ತುತ್ತಿತ್ತು. 1834ರಲ್ಲಿ ಕಂಪನಿ ಸರ್ಕಾರ ಚಿಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರಿನ ಕಡೆಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ದವಸದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ಹಣದಲ್ಲೇ ಕೊಡಬೇಕು ಅಂದಿತು. ಮೂರೇ ವರ್ಷಕ್ಕೆ ದಂಗೆ ಎದ್ದಿತು. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರನ್ನೇ ಹಿಡಿದು ಕೆಲವು ದಿನ ಆಳಿತು. ಕರಾವಳಿಯವರು ಇದನ್ನು ಕಲ್ಯಾಣಪ್ಪನ ಕಾಟಕಾಯಿ ಅನ್ನುತ್ತಾರೆ. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇವತ್ತು ನೀವು ಸುಳ್ಯದಿಂದ ಬಿ.ಸಿ. ರೋಡಿಗೆ, ಅಂದರೆ ಬಂಟ್ವಾಳ ಕ್ರಾಸ್ ರೋಡಿಗೆ, ಹೋಗುವ ದಾರಿ ಹೆಚ್ಚುಕಡಿಮೆ ಆ ದಂಡು ನಡೆದ ದಾರಿಯೇ. ಸುಂಕದ ಜಗಳ ನಮ್ಮ ಈ ರಸ್ತೆಗೆ ಹೊಸದೇನಲ್ಲ ಅಲ್ವಾ?

ಇತ್ತ ಕಾವೇರಿ ದಡದ ಕುಶಾಲನಗರಕ್ಕೆ ಕರ್ನಲ್ ಫ್ರೇಸರ್ ಹೆಸರಿನಲ್ಲಿ ಫ್ರೇಸರ್‌ಪೇಟೆ ಅಂತ ಹೆಸರಿಟ್ಟರು. ಹಳಬರ ಬಾಯಲ್ಲಿ, ಹಳೇ ಕಾಗದಪತ್ರಗಳಲ್ಲಿ ಆ ಹೆಸರು ಈಗಲೂ ಕಾಣುತ್ತದೆ. ಆಗ ಮೈಸೂರು ಅರಸರ ಸೀಮೆಗೂ ಕೊಡಗಿಗೂ ನಡುವೆ ಹೊಳೆಯೇ ಗಡಿ. ಸ್ವಾತಂತ್ರ್ಯದ ನಂತರ ಕೊಡಗು ಕೆಲವು ಕಾಲ ತನ್ನದೇ ಮುಖ್ಯಮಂತ್ರಿ ಇದ್ದ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಇವತ್ತಿಗೂ ಕೊಪ್ಪ ದಾಟಿ ಕಾವೇರಿ ಸೇತುವೆಗೆ ಬಂದಾಗಲೇ "ಊರು ಮುಟ್ಟಿದೆವು" ಅನ್ನಿಸುವುದು.

ಬಹಳ ವರ್ಷ ಈ ದಾರಿಗೆ ಎರಡು ನಂಬರು ಇತ್ತು. ಬೆಂಗಳೂರು–ಮೈಸೂರು ಭಾಗ ರಾಜ್ಯ ಹೆದ್ದಾರಿ 17, ಮೈಸೂರಿನಿಂದ ಬಂಟ್ವಾಳದವರೆಗೆ ರಾಜ್ಯ ಹೆದ್ದಾರಿ 88. ಆಮೇಲೆ ಎರಡನ್ನೂ ಒಟ್ಟು ಮಾಡಿ ರಾ.ಹೆ. 275 ಅಂತ ಕರೆದರು. ಕೆಲವು ಮೈಲಿಗಲ್ಲುಗಳು, ಅಂಗಡಿ ಬೋರ್ಡುಗಳು ಇನ್ನೂ ಹಳೇ ನಂಬರನ್ನೇ ಹೇಳಿದರೆ ಗೊಂದಲ ಬೇಡ, ರಸ್ತೆ ಅದೇ.

ಮೈಸೂರಿಗೆ ಟೋಲ್ ರಸ್ತೆ ಮಾಡುವ ಯೋಚನೆಯೂ 2023ರಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ ಒಪ್ಪಂದದ ಮಾತು ಶುರುವಾಗಿ, 1997ರಲ್ಲಿ ನೈಸ್ ಅನ್ನುವ ಖಾಸಗಿ ಸಂಸ್ಥೆಯ ಜೊತೆ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್‌ಗೆ ಸಹಿ ಬಿತ್ತು. ಜಮೀನು, ಕೋರ್ಟು ಅಂತ ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಬೆಂಗಳೂರಿನ ಸುತ್ತಿನ ನೈಸ್ ರಸ್ತೆಯಷ್ಟೇ ಓಡಾಡುವಂತಾಯಿತು. ಮೈಸೂರಿನವರೆಗಿನ ಭಾಗ ಕಾಗದದಲ್ಲೇ ಉಳಿಯಿತು. ಅಷ್ಟರಲ್ಲಿ ರಾಜ್ಯ ಸರ್ಕಾರ ಹಳೇ ರಸ್ತೆಯನ್ನೇ ನಾಲ್ಕು ಸಾಲು ಮಾಡಿತ್ತು. ಅದಕ್ಕೆ ಟೋಲ್ ಇರಲಿಲ್ಲ. ನಮ್ಮಲ್ಲಿ ಅನೇಕರಿಗೆ "ಮೈಸೂರು ರಸ್ತೆ ಅಂದರೆ ಪುಕ್ಕಟೆ" ಅನ್ನುವ ಅಭ್ಯಾಸ ಆಗಿದ್ದು ಆಗ.

ಈಗಿನ ಎಕ್ಸ್‌ಪ್ರೆಸ್‌ವೇಗೆ 2018ರಲ್ಲಿ ಅಡಿಗಲ್ಲು ಬಿತ್ತು. 2023ರ ಮಾರ್ಚ್ 12ರಂದು ಪ್ರಧಾನಿ ಮೋದಿ ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದರು. ಸುಮಾರು 118 ಕಿಲೋಮೀಟರ್, ಖರ್ಚು ಸುಮಾರು 8,480 ಕೋಟಿ ರೂಪಾಯಿ. ಅದೇ ವೇದಿಕೆಯಲ್ಲಿ ಮೈಸೂರು–ಕುಶಾಲನಗರ ನಾಲ್ಕು ಸಾಲಿನ ರಸ್ತೆಗೂ ಶಂಕುಸ್ಥಾಪನೆ ಆಯಿತು. ಅದರ ಬಗ್ಗೆ ಹಂತ 3ರಲ್ಲಿ ನೋಡೋಣ.

ಹಂತ 1: ಹೊರಡುವ ಹಿಂದಿನ ದಿನ ಫಾಸ್ಟ್ಯಾಗ್ ನೋಡಿಕೊಳ್ಳಿ

ಫಾಸ್ಟ್ಯಾಗ್ ಅಂದರೆ ಕಾರಿನ ಮುಂದಿನ ಗಾಜಿಗೆ ಒಳಗಡೆಯಿಂದ ಅಂಟಿಸುವ ಚೀಟಿ. ಗೇಟಿನ ಮೇಲಿರುವ ಯಂತ್ರ ಅದನ್ನು ಓದಿ ನಿಮ್ಮ ಖಾತೆಯಿಂದ ದುಡ್ಡು ಕಡಿಯುತ್ತದೆ. 2021ರ ಫೆಬ್ರವರಿಯಿಂದ ಇದು ಕಡ್ಡಾಯ.

ನಮ್ಮ ಜಿಲ್ಲೆಯವರು ಹೆಚ್ಚು ಎಡವುವುದು ಇಲ್ಲೇ. ಕಾರಣ ಸರಳ. ಕೊಡಗಿನೊಳಗೆ ಓಡಾಡುವಾಗ ಟ್ಯಾಗಿನ ಅಗತ್ಯವೇ ಬೀಳುವುದಿಲ್ಲ. ಆರು ತಿಂಗಳು ಮಲಗಿದ್ದ ಟ್ಯಾಗ್ ಗೇಟಿನ ಮುಂದೆ ಕೈಕೊಡುತ್ತದೆ. ಹಾಗಾಗಿ ಹಿಂದಿನ ದಿನವೇ ಇಷ್ಟು ನೋಡಿ:

ಬಾಕಿ ಎಷ್ಟಿದೆ? ಬೆಂಗಳೂರಿಗೆ ಹೋಗಿಬರಲು ಕಾರಿಗೆ ಕಡಿಮೆ ಅಂದರೂ 1,000 ರೂಪಾಯಿ ಇಟ್ಟುಕೊಳ್ಳಿ. ಗೇಟಿನ ಎದುರು ನಿಂತು ರೀಚಾರ್ಜ್ ಮಾಡಿದರಾಯಿತು ಅಂದುಕೊಳ್ಳಬೇಡಿ. ನೀವು ಹಾಕಿದ ದುಡ್ಡು ಗೇಟಿನ ಯಂತ್ರಕ್ಕೆ ಗೊತ್ತಾಗಲು ಸಮಯ ಬೇಕು. ಮನೆಯಲ್ಲೇ ಹಾಕಿ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸುಂಟಿಕೊಪ್ಪ ಅಥವಾ ಕುಶಾಲನಗರ ಪೇಟೆಯಲ್ಲಿ ನಿಲ್ಲಿಸಿ ಹಾಕಿ, ಅದಕ್ಕಿಂತ ಮುಂದೆ ತಳ್ಳಬೇಡಿ.

ಟ್ಯಾಗ್ ಬ್ಲಾಕ್‌ಲಿಸ್ಟ್ ಆಗಿದೆಯಾ? ಬ್ಲಾಕ್‌ಲಿಸ್ಟ್ ಅಂದರೆ ಬ್ಯಾಂಕು ಆ ಟ್ಯಾಗನ್ನು ತಡೆಹಿಡಿದಿದೆ ಅಂತ. ಬಾಕಿ ಕಡಿಮೆಯಾದರೂ ಆಗುತ್ತದೆ, ಕೆವೈಸಿ, ಅಂದರೆ ನಿಮ್ಮ ಗುರುತಿನ ದಾಖಲೆ, ಹಳೆಯದಾದರೂ ಆಗುತ್ತದೆ. ನನಗೊಮ್ಮೆ ಹೀಗಾಗಿತ್ತು. ಖಾತೆಯಲ್ಲಿ ದುಡ್ಡು ಇತ್ತು, ದಾಖಲೆ ಹೊಸದು ಮಾಡಿರಲಿಲ್ಲ, ಎರಡು ಪಟ್ಟು ಕಟ್ಟಿಸಿಕೊಂಡರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತೆ ಅನ್ನುವುದು ಅವತ್ತು ಅರ್ಥವಾಯಿತು.

ಟ್ಯಾಗ್ ಗಾಜಿಗೆ ಅಂಟಿದೆಯಾ? ಒಂದೇ ಟ್ಯಾಗನ್ನು ಜೀಪಿಗೂ ಕಾರಿಗೂ ಬದಲಿಸಿ ಕೈಯಲ್ಲಿ ಹಿಡಿದು ತೋರಿಸುವವರಿದ್ದಾರೆ. ಹಾಗೆ ಮಾಡಿದರೆ ಟ್ಯಾಗನ್ನೇ ನಿಲ್ಲಿಸುತ್ತಾರೆ. ಒಂದು ಗಾಡಿಗೆ ಒಂದೇ ಟ್ಯಾಗ್, ಒಂದು ಟ್ಯಾಗಿಗೆ ಒಂದೇ ಗಾಡಿ.

ಟ್ಯಾಗ್ ಕೆಲಸ ಮಾಡದಿದ್ದರೆ ದಂಡದ ಲೆಕ್ಕ 2025ರ ನವೆಂಬರ್ 15ರಿಂದ ಸ್ವಲ್ಪ ಬದಲಾಗಿದೆ. ಆಗ ಬಂದ ನಿಯಮದಲ್ಲಿ ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು. 160 ರೂಪಾಯಿಯ ಗೇಟಿನಲ್ಲಿ ನಗದಾದರೆ 320, ಫೋನಿನಲ್ಲಾದರೆ 200. ಹಾಗಾಗಿ ಏನೋ ಎಡವಟ್ಟಾಗಿ ಗೇಟಿನಲ್ಲಿ ಸಿಕ್ಕಿಕೊಂಡರೆ ಪರ್ಸಿಗೆ ಕೈ ಹಾಕಬೇಡಿ, ಫೋನ್ ತೆಗೆಯಿರಿ.

ಹಂತ 2: ವರ್ಷದ ಪಾಸ್ ಬೇಕಾ, ಬೇಡವಾ?

2025ರ ಆಗಸ್ಟ್ 15ರಿಂದ ಸ್ವಂತ ಕಾರು, ಜೀಪು, ವ್ಯಾನುಗಳಿಗೆ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. ರಾಜಮಾರ್ಗಯಾತ್ರಾ ಅನ್ನುವ ಸರ್ಕಾರಿ ಆ್ಯಪಿನಲ್ಲಿ ಮಾಡಿಸಬೇಕು, ಈಗಿರುವ ಟ್ಯಾಗಿಗೇ ಅದು ಸೇರಿಕೊಳ್ಳುತ್ತದೆ.

ಇಲ್ಲಿ ಟ್ರಿಪ್ ಅನ್ನುವ ಮಾತನ್ನು ತಪ್ಪಾಗಿ ತಿಳಿದುಕೊಳ್ಳುವವರು ಬಹಳ. ಮಡಿಕೇರಿಯಿಂದ ಬೆಂಗಳೂರಿಗೆ ಹೋದರೆ ಒಂದು ಟ್ರಿಪ್ ಅಲ್ಲ. ಒಂದು ಗೇಟು ದಾಟಿದರೆ ಒಂದು ಟ್ರಿಪ್. ನಮ್ಮ ದಾರಿಯಲ್ಲಿ ಹೋಗುವಾಗ ಎರಡು ಗೇಟು, ಬರುವಾಗ ಎರಡು. ಅಂದರೆ ಒಮ್ಮೆ ಹೋಗಿಬಂದರೆ 4 ಟ್ರಿಪ್ ಖಾಲಿ. 200 ಟ್ರಿಪ್ಪಿನಲ್ಲಿ 50 ಸಲ ಹೋಗಿಬರಬಹುದು. ಅಷ್ಟು ಸಲ ಯಾರೂ ಹೋಗುವುದಿಲ್ಲ, ಸರಿ. ಹಾಗಾದರೆ ಎಷ್ಟು ಸಲ ಹೋದರೆ ಗಿಟ್ಟುತ್ತದೆ?

2023ರ ಜುಲೈನಲ್ಲಿ ಎರಡನೇ ಗೇಟೂ ಶುರುವಾದಾಗ ಕಾರಿಗೆ ಒಂದು ಕಡೆಗೆ 165 ಮತ್ತು 155, ಒಟ್ಟು 320 ರೂಪಾಯಿ ಇತ್ತು. ಹೋಗಿಬರಲು 640. ಆ ಲೆಕ್ಕದಲ್ಲಿ ವರ್ಷಕ್ಕೆ 5 ಸಲ ಹೋದರೆ ಪಾಸಿನ ದುಡ್ಡು ಹುಟ್ಟುತ್ತದೆ. 24 ಗಂಟೆಯೊಳಗೆ ವಾಪಸ್ ಬರುವವರಿಗೆ ರಿಯಾಯಿತಿ ಇರುವುದರಿಂದ ಅವರಿಗೆ 485 ಆಗುತ್ತಿತ್ತು. ಅಂಥವರಿಗೆ 7ನೇ ಸಲಕ್ಕೆ ಲಾಭ ಶುರು. ದರ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಪರಿಷ್ಕರಣೆ ಆಗುತ್ತದೆ, ಹಾಗಾಗಿ ಆ್ಯಪಿನಲ್ಲಿ ಇವತ್ತಿನ ದರ ನೋಡಿ ಇದೇ ಲೆಕ್ಕ ಹಾಕಿ. ನನ್ನ ಅಭಿಪ್ರಾಯ ಕೇಳಿದರೆ, ಮಕ್ಕಳು ಬೆಂಗಳೂರಿನಲ್ಲಿ ಓದುತ್ತಿದ್ದರೆ, ಕೆಲಸದಲ್ಲಿದ್ದರೆ ಕಣ್ಣು ಮುಚ್ಚಿ ಮಾಡಿಸಿ. ಮದುವೆಗೋ ಆಸ್ಪತ್ರೆಗೋ ವರ್ಷಕ್ಕೆ ಎರಡು ಸಲ ಹೋಗುವವರಾದರೆ ಸುಮ್ನೆ ದುಡ್ಡು ದಂಡ.

ಎಚ್ಚರ: ಹಳದಿ ಬೋರ್ಡಿನ ಗಾಡಿಗೆ, ಬಾಡಿಗೆ ಜೀಪಿಗೆ, ಪಿಕಪ್‌ಗೆ ಈ ಪಾಸ್ ಇಲ್ಲ. ಟ್ಯಾಗಿನಲ್ಲಿ ಗಾಡಿಯ ನೋಂದಣಿ ನಂಬರ್ ಇರಬೇಕು. ಶೋರೂಮಿನಲ್ಲಿ ಬರೀ ಚಾಸಿ ನಂಬರಿಗೆ ಕೊಟ್ಟ ಟ್ಯಾಗನ್ನು ಆಮೇಲೆ ಸರಿಪಡಿಸದೇ ಬಿಟ್ಟಿದ್ದರೆ ಪಾಸ್ ಸಿಗುವುದಿಲ್ಲ. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಾತ್ರ. ಬೆಂಗಳೂರು ಮುಟ್ಟಿ ನೈಸ್ ರಸ್ತೆಗೆ ತಿರುಗಿದರೆ ಅಲ್ಲಿ ಬೇರೆಯೇ ಟೋಲ್, ಪಾಸ್ ಲೆಕ್ಕಕ್ಕೆ ಬರುವುದಿಲ್ಲ.

ಗೇಟಿನಿಂದ 20 ಕಿಲೋಮೀಟರ್ ಒಳಗಿನವರಿಗೆ ಕಡಿಮೆ ದರದ ಮಾಸಿಕ ಪಾಸ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, ಆದರೆ ಬೆಂಗಳೂರು ಕಡೆಗೆ ನಮಗೆ ಮೊದಲು ಸಿಗುವ ಗೇಟು ಶ್ರೀರಂಗಪಟ್ಟಣದ ಆಚೆ. ಅದು ನಮಗಲ್ಲ.

ಹಂತ 3: ಮಡಿಕೇರಿಯಿಂದ ಹುಣಸೂರಿನವರೆಗೆ

ಮಡಿಕೇರಿಯಿಂದ ಕುಶಾಲನಗರ ಸುಮಾರು 30 ಕಿಲೋಮೀಟರ್. ಸುಂಟಿಕೊಪ್ಪ, ಆನೆಕಾಡು, ಗುಡ್ಡೆಹೊಸೂರು. ನಿಮಗೆ ಗೊತ್ತಿರುವ ದಾರಿ, ಹೆಚ್ಚು ಹೇಳುವುದಿಲ್ಲ. ಆನೆಕಾಡಿಗೆ ಆ ಹೆಸರು ಸುಮ್ಮನೆ ಬಂದಿಲ್ಲ, ಬೆಳಗಿನ ಜಾವ 4ಕ್ಕೆ ಹೊರಡುವವರು ಅಲ್ಲಿ ನಿಧಾನ ಮಾಡಿ. ಶನಿವಾರ ಬೆಳಿಗ್ಗೆ ಪ್ರವಾಸಿಗರ ಗಾಡಿ ಎದುರಿಗೆ ಬರುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ನಿಮ್ಮ ಜೊತೆಗೇ ಹೊರಡುತ್ತವೆ. ತುಲಾ ಸಂಕ್ರಮಣ, ಮಡಿಕೇರಿ ದಸರಾ ಸಮಯದಲ್ಲಂತೂ ಕುಶಾಲನಗರ ಪೇಟೆ ದಾಟುವುದೇ ಒಂದು ಕೆಲಸ. ಭಾನುವಾರ ಬೆಂಗಳೂರಿಗೆ ಹೊರಡುವುದಾದರೆ ಬೆಳಿಗ್ಗೆಯೇ ಹೊರಟುಬಿಡಿ.

ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಮೈಸೂರು ಜಿಲ್ಲೆ. ಬೈಲುಕುಪ್ಪೆಯ ಟಿಬೆಟನ್ ಶಿಬಿರದ ತಿರುವಿನಲ್ಲಿ ಪ್ರವಾಸಿಗರ ಗಾಡಿಗಳು ದಿಢೀರನೆ ಅಡ್ಡ ತಿರುಗುತ್ತವೆ. ಆಮೇಲೆ ಪಿರಿಯಾಪಟ್ಟಣ, ಹುಣಸೂರು. ರಸ್ತೆ ನೇರ, ಹೊಗೆಸೊಪ್ಪಿನ ಹೊಲಗಳು. ನೇರ ರಸ್ತೆ ಅಂತ ಕಾಲು ಒತ್ತಬೇಡಿ. ಎರಡೇ ಸಾಲು, ನಡುವೆ ಡಿವೈಡರ್ ಇಲ್ಲದ ಕಡೆ ಜಾಸ್ತಿ, ಊರಿಗೊಂದು ಹಂಪು.

ಈಗ ಆ ದೊಡ್ಡ ಪ್ರಶ್ನೆ. ಹೊಸ ನಾಲ್ಕು ಸಾಲಿನ ರಸ್ತೆ ಎಲ್ಲಿಂದ ಎಲ್ಲಿಗೆ? ಶ್ರೀರಂಗಪಟ್ಟಣದ ಹತ್ತಿರದ ಪಶ್ಚಿಮವಾಹಿನಿಯಿಂದ ನಮ್ಮ ಗುಡ್ಡೆಹೊಸೂರಿನವರೆಗೆ, ಸುಮಾರು 92 ಕಿಲೋಮೀಟರ್. ಶಂಕುಸ್ಥಾಪನೆ ಹೊತ್ತಿಗೆ ಹೇಳಿದ ಖರ್ಚು ಸುಮಾರು 4,130 ಕೋಟಿ. ಬೆಂಗಳೂರು–ಕುಶಾಲನಗರ ಪ್ರಯಾಣ 5 ಗಂಟೆಯಿಂದ ಎರಡೂವರೆ ಗಂಟೆಗೆ ಇಳಿಯುತ್ತದೆ ಅಂತ ಸರ್ಕಾರದ ಮಾತು. ಇದು ಹಳೇ ರಸ್ತೆಯನ್ನು ಅಗಲ ಮಾಡುವುದಲ್ಲ, ಬಹುಪಾಲು ಹೊಲಗಳ ನಡುವೆ ಹೊಸದಾಗಿ ಹಾಕುವ ದಾರಿ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಈ ಯೋಜನೆ ಗುಡ್ಡೆಹೊಸೂರಿನಲ್ಲಿ ಮುಗಿಯುತ್ತದೆ, ಮಡಿಕೇರಿ ಬೆಟ್ಟ ಹತ್ತುವುದಿಲ್ಲ. ಎರಡು, ಹೆದ್ದಾರಿ ಪ್ರಾಧಿಕಾರ ಹೊಸದಾಗಿ ಕಟ್ಟುವ ನಾಲ್ಕು ಸಾಲಿನ ರಸ್ತೆಗೆ ಟೋಲ್ ಬರುವುದೇ ವಾಡಿಕೆ. 2008ರ ಟೋಲ್ ನಿಯಮದಲ್ಲಿ ಒಂದೇ ದಿಕ್ಕಿನಲ್ಲಿ ಎರಡು ಗೇಟುಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರ ಇರಬೇಕು. ಅಂದರೆ ಈ ಹೊಸ ದಾರಿ ತೆರೆದಾಗ ನಿಮ್ಮ ಬೆಂಗಳೂರು ಪ್ರಯಾಣಕ್ಕೆ ಇನ್ನೊಂದು ಗೇಟಿನ ಲೆಕ್ಕ ಸೇರುತ್ತದೆ ಅಂತ ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಹಳೇ ಹುಣಸೂರು ರಸ್ತೆ ಎಲ್ಲಿಗೂ ಹೋಗುವುದಿಲ್ಲ. ದುಡ್ಡು ಉಳಿಸುವವರು ಅದರಲ್ಲೇ ಹೋಗಬಹುದು.

ಗೋಣಿಕೊಪ್ಪ, ವಿರಾಜಪೇಟೆ, ಪೊನ್ನಂಪೇಟೆ ಕಡೆಯವರಿಗೆ ತಿತಿಮತಿ, ಆನೆಚೌಕೂರು ಮೇಲೆ ಹುಣಸೂರಿಗೆ ಬಂದು ಈ ರಸ್ತೆಗೆ ಸೇರುವುದೇ ಹತ್ತಿರ. ಕಾಡಿನ ದಾರಿ, ಕತ್ತಲಾದ ಮೇಲೆ ಆನೆ ರಸ್ತೆಗೆ ಇಳಿಯುತ್ತದೆ. ಇಲ್ಲಿ ಮ್ಯಾಪಿನ ಒಂದು ಮೋಸ ಇದೆ. ಕುಟ್ಟದ ಕಡೆಯಿಂದ ಹೊರಟರೆ ನಾಗರಹೊಳೆ ಕಾಡಿನ ಒಳಗಿನ ದಾರಿಯನ್ನು ಹತ್ತಿರ ಅಂತ ತೋರಿಸುತ್ತದೆ. ಆ ದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬೆಳಗಿನ ಜಾವ ಹೊರಡುವವರು ಗೇಟಿನ ಮುಂದೆ ಕಾಯುತ್ತಾ ಕೂರಬೇಕಾಗುತ್ತದೆ.

ಹಂತ 4: ಮೈಸೂರು ಪೇಟೆಯೊಳಗೆ ಹೋಗಬೇಡಿ

ಹುಣಸೂರಿನಿಂದ ಬಿಳಿಕೆರೆ, ಇಲವಾಲ ದಾಟಿ ಹಿನಕಲ್ ಬರುತ್ತದೆ. ಅಲ್ಲಿ ಎಡಕ್ಕೆ ರಿಂಗ್ ರಸ್ತೆ ಹಿಡಿದರೆ ಊರೊಳಗೆ ಹೋಗದೆ ಬೆಂಗಳೂರು ರಸ್ತೆಗೆ ಸೇರಬಹುದು. ಸಿಗ್ನಲ್‌ಗಳಿವೆ, ಆದರೂ ಊರೊಳಗಿಗಿಂತ ಎಷ್ಟೋ ವಾಸಿ. ಇನ್ನೊಂದು ಉಪಾಯ ಇಲವಾಲದಲ್ಲೇ ಎಡಕ್ಕೆ ತಿರುಗಿ ಕೆಆರ್‌ಎಸ್ ಮೇಲೆ ಶ್ರೀರಂಗಪಟ್ಟಣಕ್ಕೆ ಬರುವುದು. ರಸ್ತೆ ಕಿರಿದು, ಹಳ್ಳಿಗಳ ನಡುವೆ ಹೋಗುತ್ತದೆ. ವಾರದ ದಿನ ಚೆನ್ನ. ಶನಿವಾರ, ಭಾನುವಾರ ಸಂಜೆ ಬೃಂದಾವನಕ್ಕೆ ಬರುವ ಜನ ಸೇರುವಾಗ ಬೇಡ.

ಹಂತ 5: ಎಕ್ಸ್‌ಪ್ರೆಸ್‌ವೇ

ಇಲ್ಲಿಂದ ದುಡ್ಡಿನ ರಸ್ತೆ. ನಡುವೆ ಆರು ಸಾಲು ಟೋಲಿನದು, ಎರಡೂ ಬದಿಗೆ ಎರಡೆರಡು ಸಾಲು ಸರ್ವಿಸ್ ರಸ್ತೆ. ಸರ್ವಿಸ್ ರಸ್ತೆಗೆ ಟೋಲ್ ಇಲ್ಲ. ಲೆಕ್ಕ ಎರಡು ಭಾಗ. ಮೈಸೂರಿನಿಂದ ಮದ್ದೂರಿನ ಹತ್ತಿರದ ನಿಡಘಟ್ಟದವರೆಗೆ 61 ಕಿಲೋಮೀಟರ್, ಅದರ ಗೇಟು ಶ್ರೀರಂಗಪಟ್ಟಣ ತಾಲೂಕಿನ ಗಣಂಗೂರಿನಲ್ಲಿ. ನಿಡಘಟ್ಟದಿಂದ ಬೆಂಗಳೂರಿಗೆ 56 ಕಿಲೋಮೀಟರ್, ಅದರ ಗೇಟು ಬಿಡದಿ ಕಡೆಯ ಕಣಮಿಣಿಕೆ–ಶೇಷಗಿರಿಹಳ್ಳಿಯಲ್ಲಿ. ಬೆಂಗಳೂರು ಕಡೆಯ ಟೋಲ್ 2023ರ ಮಾರ್ಚ್ 14ಕ್ಕೆ ಶುರುವಾಯಿತು, ಗಣಂಗೂರಿನದು ಜುಲೈ 1ಕ್ಕೆ.

"ಅಷ್ಟು ದೂರಕ್ಕೆ ಇಷ್ಟೊಂದಾ?" ಅಂತ ಕೇಳುವವರಿಗೆ: ಟೋಲ್ ಬರೀ ಕಿಲೋಮೀಟರ್ ಲೆಕ್ಕವಲ್ಲ. ಬೈಪಾಸ್‌ಗೆ ದರ ಜಾಸ್ತಿ. ಮೇಲ್ಸೇತುವೆಯಂಥ ಕಟ್ಟಡಗಳ ಉದ್ದವನ್ನು ಹಲವು ಪಟ್ಟು ಮಾಡಿ ಲೆಕ್ಕ ಹಿಡಿಯುತ್ತಾರೆ. 2025ರಲ್ಲಿ ಸೇತುವೆ, ಸುರಂಗ ಬಹಳ ಇರುವ ಭಾಗಗಳಿಗೆ ಇದನ್ನು ಸ್ವಲ್ಪ ಸಡಿಲಿಸಿದ್ದಾರೆ. ಈ ರಸ್ತೆಯಲ್ಲಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ರಾಮನಗರ–ಚನ್ನಪಟ್ಟಣ, ಬಿಡದಿ ಅಂತ ಐದು ಬೈಪಾಸ್. ಮೇಲಿನಿಂದ ಹಾರಿಕೊಂಡು ಹೋಗುವುದಕ್ಕೇ ದುಡ್ಡು ಅನ್ನಿ.

ಹತ್ತುವ ಮುಂಚೆ ಇವು ಗೊತ್ತಿರಲಿ:

1. ಬೈಕಿಗೆ ಪ್ರವೇಶ ಇಲ್ಲ. 2023ರಲ್ಲಿ ಅಪಘಾತ ಜಾಸ್ತಿಯಾದ ಮೇಲೆ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಇತ್ಯಾದಿಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಟೋಲಂತೂ ಇಲ್ಲ.

2. ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಕ್ಯಾಮೆರಾ ಇವೆ. ಕ್ಯಾಮೆರಾ ಕಂಡಾಗ ಮಾತ್ರ ನಿಧಾನ ಮಾಡುವ ಜಾಣತನ ನಡೆಯುವುದಿಲ್ಲ, ಚಲನ್ ಮನೆಗೆ ಬರುತ್ತದೆ.

3. ಹತ್ತುವ, ಇಳಿಯುವ ಜಾಗ ಕೆಲವೇ. ಒಂದು ತಪ್ಪಿದರೆ ಮುಂದಿನದು ಬಹಳ ದೂರ. ಮದ್ದೂರು ವಡೆ, ಚನ್ನಪಟ್ಟಣದ ಗೊಂಬೆ ಬೇಕಾದರೆ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಬೈಪಾಸ್ ಆದ ಮೇಲೆ ಆ ಅಂಗಡಿಗಳ ವ್ಯಾಪಾರಕ್ಕೆ ಬಿದ್ದ ಹೊಡೆತ ಚಿಕ್ಕದಲ್ಲ. ಪುರುಸೊತ್ತಿದ್ದರೆ ಇಳಿದು ಹೋಗಿ ಅನ್ನುವುದು ನನ್ನ ಸಲಹೆ. ರಸ್ತೆ ತಪ್ಪಿತು ಅಂತ ಹಿಂದಕ್ಕೆ ರಿವರ್ಸ್ ಬರುವವರನ್ನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ.

4. ಟಾಯ್ಲೆಟ್, ಊಟ, ಪೆಟ್ರೋಲ್ ಎಲ್ಲ ಹತ್ತುವ ಮುಂಚೆಯೇ ಮುಗಿಸಿಕೊಳ್ಳಿ. ಬಸುರಿಯರು, ವಯಸ್ಸಾದವರು ಜೊತೆಗಿದ್ದರೆ ಇದನ್ನು ಮರೆಯಬೇಡಿ.

ಗಾಡಿ ಕೆಟ್ಟರೆ, ಅಪಘಾತವಾದರೆ 1033ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ಅದು. ಎರಡು ಸಲ ದುಡ್ಡು ಕಡಿದರೆ, ದಾಟದ ಗೇಟಿಗೆ ದುಡ್ಡು ಹೋದರೆ ದೂರು ಕೊಡುವುದೂ ಅದೇ ನಂಬರಿಗೆ. ಟ್ಯಾಗ್ ಕೊಟ್ಟ ಬ್ಯಾಂಕಿಗೂ ಹೇಳಿ. ಗೇಟು ದಾಟಿದ ಮೇಲೆ ಬರುವ ಮೆಸೇಜನ್ನು ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ.

ಉದ್ಘಾಟನೆ ಹೊತ್ತಿಗೆ ಬೆಂಗಳೂರು–ಮೈಸೂರು 75 ನಿಮಿಷ ಅಂದಿದ್ದರು. ಎಕ್ಸ್‌ಪ್ರೆಸ್‌ವೇ ತುದಿಯಿಂದ ತುದಿಗೆ ಅದು ಸುಳ್ಳಲ್ಲ. ಆದರೆ ತುದಿ ಇರುವುದು ಕುಂಬಳಗೋಡು, ಕೆಂಗೇರಿ ಹತ್ತಿರ. ಅಲ್ಲಿಂದ ಮೆಜೆಸ್ಟಿಕ್ಕಿಗೆ ಸಂಜೆ ಹೊತ್ತು ಇನ್ನೊಂದು ಗಂಟೆ ಹಿಡಿದರೂ ಹಿಡಿಯಿತು. ಆಸ್ಪತ್ರೆಯಲ್ಲಿ 10ಕ್ಕೆ ಟೋಕನ್ ಇದ್ದರೆ ಮಡಿಕೇರಿಯಿಂದ 4ಕ್ಕೇ ಹೊರಡಿ.

ಹಂತ 6: ವಾಪಸ್ ಬರುವಾಗ

ಪಾಸ್ ಇಲ್ಲದವರು 24 ಗಂಟೆಯ ಲೆಕ್ಕ ನೆನಪಿಡಿ. ಒಂದು ಗೇಟನ್ನು ದಾಟಿದ 24 ಗಂಟೆಯೊಳಗೆ ಅದೇ ಗೇಟಿಗೆ ವಾಪಸ್ ಬಂದರೆ ಎರಡೂ ಸೇರಿ ಒಂದೂವರೆ ಪಟ್ಟು ಮಾತ್ರ. ಕೇಳಬೇಕಾಗಿಲ್ಲ, ಟ್ಯಾಗಿನಲ್ಲಿ ತಾನಾಗಿ ಕಡಿಮೆ ಕಡಿಯುತ್ತದೆ. ಗಡಿಯಾರ ಓಡುವುದು ಗೇಟು ದಾಟಿದ ಹೊತ್ತಿನಿಂದ, ಮನೆ ಬಿಟ್ಟ ಹೊತ್ತಿನಿಂದಲ್ಲ. ಬೆಳಿಗ್ಗೆ 7ಕ್ಕೆ ಗಣಂಗೂರು ದಾಟಿದ್ದರೆ ಮರುದಿನ 7ರೊಳಗೆ ಅಲ್ಲಿಗೆ ಬಂದಿರಬೇಕು. ಒಂದು ರಾತ್ರಿ ಉಳಿದು ಬರುವವರಿಗೆ ಇದು ಸಿಗುವುದು ಕಷ್ಟ. ಎಂಬತ್ತು ರೂಪಾಯಿಗೋಸ್ಕರ ನಿದ್ದೆಗಣ್ಣಲ್ಲಿ ಗಾಡಿ ಓಡಿಸಬೇಡಿ.

ಹಂತ 7: ಮಂಗಳೂರಿನ ಕಡೆ ಹೋಗುವವರಿಗೆ

ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಮಾಣಿಯವರೆಗೆ ಟೋಲ್ ಇಲ್ಲ. ಮಾಣಿಯಲ್ಲಿ ರಾ.ಹೆ. 75 ಸೇರುತ್ತೀರಿ. ಬಿ.ಸಿ. ರೋಡ್ ದಾಟಿದ ಮೇಲೆ ಬ್ರಹ್ಮರಕೂಟ್ಲಿನಲ್ಲಿ ಒಂದು ಗೇಟು ಇದೆ. ಮಂಗಳೂರು ಆಸ್ಪತ್ರೆಗೆ ಹೋಗುವವರಿಗೆ ಸಿಗುವುದು ಅದೊಂದೇ. ಅಲ್ಲಿಂದ ಮುಂದೆ ಉಡುಪಿ ಕಡೆ ಹೋದರೆ ಸುರತ್ಕಲ್ ಗೇಟು ಈಗಿಲ್ಲ. ದೊಡ್ಡ ಹೋರಾಟದ ನಂತರ 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಲ್ಲಿಸಿದರು. ಹೆಜಮಾಡಿಯ ಗೇಟು ಇದೆ. ಕಾಸರಗೋಡು ಕಡೆಗೆ ಮಂಗಳೂರಿನಿಂದ ಇಳಿದರೆ ತಲಪಾಡಿ ಗೇಟು ಬರುತ್ತದೆ. ಸುಳ್ಯ ದಾಟಿ ಜಾಲ್ಸೂರಿನಲ್ಲೇ ಎಡಕ್ಕೆ ತಿರುಗಿದರೆ ಅದೂ ಉಳಿಯುತ್ತದೆ, ದೂರವೂ ಉಳಿಯುತ್ತದೆ.

ಈ ಕಡೆ ದುಡ್ಡಿಗಿಂತ ಮಳೆಯದ್ದೇ ಚಿಂತೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದು ಈ ಹೆದ್ದಾರಿ ವಾರಗಟ್ಟಲೆ ಬಂದ್ ಆಗಿದ್ದು ಯಾರಿಗೂ ಮರೆತಿಲ್ಲ. ಆಮೇಲೆ ಅಲ್ಲಲ್ಲಿ ತಡೆಗೋಡೆ ಕಟ್ಟಿದರು. ಆದರೂ 2024ರ ಜುಲೈನಲ್ಲಿ ಮದೆನಾಡಿನ ಹತ್ತಿರ ಕರ್ತೋಜಿಯಲ್ಲಿ ಬರೆ ಜರಿಯುವ ಭಯಕ್ಕೆ ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಕೆಲವು ದಿನ ಸಂಚಾರ ನಿಲ್ಲಿಸಬೇಕಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ, ಅದರಲ್ಲೂ ಕಕ್ಕಡ ತಿಂಗಳ ಮಳೆ ಹಿಡಿದಾಗ, ಹೊರಡುವ ಮುಂಚೆ ಜಿಲ್ಲಾಡಳಿತದ ಪ್ರಕಟಣೆ ನೋಡಿ. ಲಾರಿಗಳಿಗೆ ಬೇರೆಯೇ ನಿರ್ಬಂಧ ಇರಬಹುದು.

ಘಾಟಿ ಬಂದ್ ಆದರೆ ಏನು ಮಾಡುವುದು? ಮೂರು ದಾರಿ ಇವೆ, ಮೂರಕ್ಕೂ ಒಂದೊಂದು ತೊಡಕು. ಶನಿವಾರಸಂತೆ, ಕೊಡ್ಲಿಪೇಟೆ ಮೇಲೆ ಸಕಲೇಶಪುರಕ್ಕೆ ಹೋಗಿ ಶಿರಾಡಿ ಇಳಿಯಬಹುದು. ಆದರೆ ಸಂಪಾಜೆ ಜರಿಯುವ ಮಳೆಯಲ್ಲಿ ಶಿರಾಡಿಯೂ ಜರಿಯುತ್ತದೆ, ಹೊರಡುವ ಮುಂಚೆ ಅಲ್ಲಿಯದ್ದನ್ನೂ ಕೇಳಿಕೊಳ್ಳಿ. ಭಾಗಮಂಡಲದಿಂದ ಕರಿಕೆ, ಪಾಣತ್ತೂರಿನ ಮೇಲೆ ಇಳಿಯಬಹುದು. ಕಿರಿದಾದ ದಾರಿ, ದೊಡ್ಡ ಗಾಡಿಗಲ್ಲ, ರಾತ್ರಿಗಂತೂ ಅಲ್ಲ. ವಿರಾಜಪೇಟೆಯಿಂದ ಮಾಕುಟ್ಟದ ಮೇಲೆ ಇರಿಟ್ಟಿಗೆ ಇಳಿದು ಕರಾವಳಿಯ ರಾ.ಹೆ. 66 ಹಿಡಿದು ಮೇಲಕ್ಕೆ ಬಂದರೆ ಬಹಳ ಸುತ್ತು. ರೋಗಿ ಜೊತೆಗಿದ್ದರೆ, ಘಾಟಿ ಅನುಮಾನ ಅನ್ನಿಸಿದರೆ, ಮಂಗಳೂರಿನ ಆಸೆ ಬಿಟ್ಟು ಮೈಸೂರಿನ ಕಡೆ ತಿರುಗಿಸಿ. ಆ ದಾರಿಯಲ್ಲಿ ಸಂಪಾಜೆಯಂಥ ಘಾಟಿ ಇಲ್ಲ, ಗಾಡಿ ನಿಲ್ಲಿಸುವ ಟೋಲ್ ಗೇಟೂ ಇಲ್ಲ.